ಯಾವ ಕ್ಯಾಮೆರಾ ಕೊಳ್ಳಲಿ? ಮೊದಲು ದೂರ, ಬೆಳಕು, ಚಲನೆಯ ಲೆಕ್ಕ ಹಾಕಿ

"ಒಂದು ಕ್ಯಾಮೆರಾ ತಗೋಬೇಕು, ಯಾವುದು ಒಳ್ಳೇದು?" ಎಂದು ಯಾರಾದರೂ ಕೇಳಿದರೆ ನಾನು ತಕ್ಷಣ ಯಾವ ಮಾಡೆಲ್ಲಿನ ಹೆಸರನ್ನೂ ಹೇಳುವುದಿಲ್ಲ. ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ನೀವು ಫೋಟೊ ತೆಗೆಯಬೇಕು ಅಂದುಕೊಂಡಿರುವುದು ಎಷ್ಟು ದೂರದಲ್ಲಿರುತ್ತದೆ? ಅಲ್ಲಿ ಬೆಳಕು ಎಷ್ಟಿರುತ್ತದೆ? ಅದು ಸುಮ್ನೆ ನಿಂತಿರುತ್ತದೋ, ಓಡಾಡುತ್ತಿರುತ್ತದೋ? ಈ ಮೂರಕ್ಕೆ ಉತ್ತರ ಸಿಕ್ಕರೆ ಅಂಗಡಿಯಲ್ಲಿರುವ ಮುಕ್ಕಾಲು ಪಾಲು ಕ್ಯಾಮೆರಾಗಳನ್ನು ನೋಡುವ ಕೆಲಸವೇ ಇರುವುದಿಲ್ಲ.

ಆದರೆ ಅಂಗಡಿಗೆ ಹೋದಾಗ ಈ ಮೂರರ ಮಾತೇ ಬರುವುದಿಲ್ಲ. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವುದು ಮೆಗಾಪಿಕ್ಸೆಲ್. ಅದನ್ನು ಮೊದಲು ಮುಗಿಸಿಬಿಡೋಣ.

24 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಡುವ ಫೋಟೊದಲ್ಲಿ ಅಡ್ಡಕ್ಕೆ 6000, ಉದ್ದಕ್ಕೆ 4000 ಚುಕ್ಕೆಗಳಿರುತ್ತವೆ. ಮನೆಯ 4ಕೆ ಟಿವಿ ತೋರಿಸಬಲ್ಲದ್ದು 8 ಮೆಗಾಪಿಕ್ಸೆಲ್‌ಗಿಂತ ಚೂರು ಜಾಸ್ತಿ ಅಷ್ಟೆ. ಫುಲ್ ಎಚ್‌ಡಿ ಪರದೆಗೆ 2 ಸಾಕು. ಮದುವೆ ಆಲ್ಬಮ್ಮಿನ 12x18 ಇಂಚಿನ ಒಂದು ಹಾಳೆಯನ್ನು ಇಂಚಿಗೆ 300 ಚುಕ್ಕೆಯಂತೆ ಬಲು ನುಣ್ಣಗೆ ಅಚ್ಚು ಹಾಕಿಸಿದರೂ 20 ಮೆಗಾಪಿಕ್ಸೆಲ್ ಮೀರುವುದಿಲ್ಲ. ಈಗ ಮಾರಾಟಕ್ಕಿರುವ ಹೆಚ್ಚುಕಮ್ಮಿ ಎಲ್ಲ ಲೆನ್ಸ್ ಬದಲಿಸುವ ಕ್ಯಾಮೆರಾಗಳಲ್ಲೂ ಇಷ್ಟು ಇದ್ದೇ ಇರುತ್ತದೆ. 200 ಮೆಗಾಪಿಕ್ಸೆಲ್ ಎಂದು ಹೇಳಿಕೊಳ್ಳುವ ಮೊಬೈಲುಗಳು ಕೂಡ ಸಾಮಾನ್ಯವಾಗಿ ಹದಿನಾರು ಚುಕ್ಕೆಗಳನ್ನು ಒಂದಾಗಿ ಸೇರಿಸಿ 12.5 ಮೆಗಾಪಿಕ್ಸೆಲ್ ಫೋಟೊವನ್ನೇ ಕೈಗೆ ಕೊಡುತ್ತವೆ. ಫೋಟೊವನ್ನು ಬಹಳ ಕತ್ತರಿಸಿ ಬಳಸುವವರಿಗೆ, ತೀರಾ ದೊಡ್ಡದಾಗಿ ಮುದ್ರಿಸುವವರಿಗೆ ಮಾತ್ರ 40-45 ಮೆಗಾಪಿಕ್ಸೆಲ್ ಉಪಯೋಗಕ್ಕೆ ಬರುತ್ತದೆ. ಉಳಿದವರು ಆ ಅಂಕಿಯನ್ನು ಮರೆತರೂ ನಷ್ಟವಿಲ್ಲ.

ಸೆನ್ಸರ್ ಎಷ್ಟು ದೊಡ್ಡದು?

ಲೆನ್ಸಿನಿಂದ ಒಳಗೆ ಬಂದ ಬೆಳಕು ಬೀಳುವ ಎಲೆಕ್ಟ್ರಾನಿಕ್ ಚಿಪ್ಪೇ ಸೆನ್ಸರ್. ಅದು ದೊಡ್ಡದಾದಷ್ಟೂ ಒಂದು ಫೋಟೊಗೆ ಒಟ್ಟಾರೆ ಜಾಸ್ತಿ ಬೆಳಕು ಸಿಗುತ್ತದೆ. ಬೆಳಕು ಜಾಸ್ತಿ ಸಿಕ್ಕರೆ ಫೋಟೊದ ಮೇಲೆ ಕಾಳು ಕಾಳಾಗಿ ಕಾಣುವ ನಾಯ್ಸ್ ಕಡಿಮೆಯಾಗುತ್ತದೆ. ಕತ್ತಲಲ್ಲಿ ಮೊಬೈಲ್ ಫೋಟೊ ಯಾಕೆ ಒಡೆದಂತೆ ಕಾಣುತ್ತದೆ ಎನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಫುಲ್ ಫ್ರೇಮ್ ಎಂದರೆ 36x24 ಮಿ.ಮೀ., ಹಿಂದಿನ ರೀಲಿನ ಒಂದು ಚೌಕದಷ್ಟು. ಅದಕ್ಕಿಂತ ಚಿಕ್ಕದು ಎಪಿಎಸ್-ಸಿ. ನಿಕಾನ್, ಸೋನಿ, ಫ್ಯೂಜಿಫಿಲ್ಮ್‌ಗಳಲ್ಲಿ ಅದು ಸುಮಾರು 23.5x15.6 ಮಿ.ಮೀ., ಕ್ಯಾನನ್‌ನಲ್ಲಿ ಇನ್ನೂ ಚೂರು ಸಣ್ಣದು. ಆಮೇಲೆ ಮೈಕ್ರೋ ಫೋರ್ ಥರ್ಡ್ಸ್, 17.3x13. ಒಂದು ಇಂಚಿನದು ಎಂದು ಕರೆಯುವ ಸೆನ್ಸರ್ ನಿಜವಾಗಿ ಒಂದು ಇಂಚು ಇರುವುದಿಲ್ಲ, 13.2x8.8 ಮಿ.ಮೀ. ಇರುತ್ತದೆ. ಅದು ಹಳೆಯ ಕಾಲದ ವಿಡಿಯೊ ಟ್ಯೂಬಿನ ಅಳತೆಯಿಂದ ಉಳಿದುಕೊಂಡ ಹೆಸರು. ಭಾರೀ ಜೂಮ್ ಇರುವ ಅಗ್ಗದ ಕ್ಯಾಮೆರಾಗಳಲ್ಲಿರುವ ಸೆನ್ಸರ್ 6.2x4.6 ಮಿ.ಮೀ., ಒಂದು ತೊಗರಿಕಾಳಿನಷ್ಟು. ಎಪಿಎಸ್-ಸಿಯ ವಿಸ್ತೀರ್ಣ ಅದರ ಸುಮಾರು 13 ಪಟ್ಟು. ಫುಲ್ ಫ್ರೇಮ್ ಸುಮಾರು 30 ಪಟ್ಟು.

ಹಾಗಾದರೆ ಎಲ್ಲರೂ ಫುಲ್ ಫ್ರೇಮನ್ನೇ ಕೊಳ್ಳಬೇಕಲ್ಲ? ಬೇಡ. ಯಾಕೆ ಎಂಬುದಕ್ಕೆ ನನಗೆ ಬಹಳ ಇಷ್ಟವಾದ ಒಂದು ಉದಾಹರಣೆ ಇದೆ. ಯಕ್ಷಗಾನ.

ರಂಗಸ್ಥಳದ ಮುಂದೆ, ಮೂರನೇ ಸಾಲಿನಲ್ಲಿ

ಬಯಲಾಟ ನಡೆಯುತ್ತಿದೆ. ಪುಂಡುವೇಷ ದಿಗಿಣ ಹಾಕುತ್ತಿದೆ, ಅಂದರೆ ಹಾರಿ ತಿರುಗುತ್ತಿದೆ. ನಿಮ್ಮ ಕೈಯಲ್ಲಿ ಎಪಿಎಸ್-ಸಿ ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಎಂಎಂ ಕಿಟ್ ಲೆನ್ಸ್ (ಈ ಎಂಎಂ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ವೇಷ ತುಂಬಿ ಬರಲಿ ಎಂದು 55ಕ್ಕೆ ಜೂಮ್ ಮಾಡುತ್ತೀರಿ. ಅಲ್ಲಿ ಆ ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ಎಫ್ 5.6ಕ್ಕಿಂತ ಅಗಲವಾಗಿ ತೆರೆಯುವುದಿಲ್ಲ. ಈ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು ಎನ್ನುವುದು ನೆನಪಿರಲಿ. ರಂಗಸ್ಥಳದ ದೀಪದಲ್ಲಿ ಐಎಸ್ಒ, ಅಂದರೆ ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿ ತೋರಿಸಬೇಕು ಎಂಬ ಅಂಕಿಯನ್ನು (ಏರಿದಷ್ಟೂ ನಾಯ್ಸ್ ಜಾಸ್ತಿ), 6400ಕ್ಕೆ ಏರಿಸಿದ ಮೇಲೂ ಕ್ಯಾಮೆರಾ 1/60 ಸೆಕೆಂಡು ತೋರಿಸುತ್ತಿದೆ ಎಂದುಕೊಳ್ಳಿ. ಅಷ್ಟು ಹೊತ್ತು ಶಟರ್ ತೆರೆದಿದ್ದರೆ ಸುಮ್ನೆ ನಿಂತ ಭಾಗವತರು ಚೆನ್ನಾಗಿಯೇ ಬರುತ್ತಾರೆ. ತಿರುಗುತ್ತಿರುವ ವೇಷ ಮಾತ್ರ ಬಣ್ಣದ ಗೆರೆಯಾಗಿಬಿಡುತ್ತದೆ. ಕುಣಿತ ನಿಂತ ಹಾಗೆ ಬರಬೇಕಾದರೆ 1/500 ಬೇಕು.

ಈಗ ಎರಡು ದಾರಿ. ಒಂದು, ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಬದಲಿಸಿ ಫುಲ್ ಫ್ರೇಮ್ ಕೊಳ್ಳುವುದು. ಅದರ ಸೆನ್ಸರ್ ಎಪಿಎಸ್-ಸಿಯ ಎರಡೂಕಾಲು ಪಟ್ಟಿಗಿಂತ ಸ್ವಲ್ಪ ದೊಡ್ಡದು. ಅಷ್ಟೇ ನಾಯ್ಸ್ ಇಟ್ಟುಕೊಂಡು 1/60 ಇದ್ದದ್ದನ್ನು 1/140ರ ಹತ್ತಿರ ತರಬಹುದು. ವೇಷ ಇನ್ನೂ ಅಲುಗಾಡಿಯೇ ಬರುತ್ತದೆ. ಎರಡನೆಯದು, ಅದೇ ಹಳೇ ಬಾಡಿಗೆ 50 ಎಂಎಂ ಎಫ್ 1.8 ಲೆನ್ಸ್ ಹಾಕುವುದು. ಜೂಮ್ ಆಗದ ಈ ಪುಟ್ಟ ಪ್ರೈಮ್ ಲೆನ್ಸ್ ಕಂಪನಿಗಳ ಪಟ್ಟಿಯಲ್ಲಿ ಅಗ್ಗದ ಸಾಲಿನಲ್ಲೇ ಬರುತ್ತದೆ. ಎಫ್ 1.8ರಲ್ಲಿ ಒಳಬರುವ ಬೆಳಕು ಎಫ್ 5.6ರ ಹತ್ತಿರ ಹತ್ತಿರ ಹತ್ತು ಪಟ್ಟು. 1/60 ಇದ್ದದ್ದು ನೇರವಾಗಿ 1/500 ದಾಟುತ್ತದೆ.

ಒಂದು ಲಕ್ಷದಾಚೆಯ ಬಾಡಿ ಕೊಡದ್ದನ್ನು ಒಂದು ಪುಟ್ಟ ಲೆನ್ಸ್ ಕೊಟ್ಟಿತು. ಹೊಸಬರಿಗೆ ಇದನ್ನೊಂದು ನಾನು ಮತ್ತೆ ಮತ್ತೆ ಹೇಳುತ್ತಲೇ ಇರುತ್ತೇನೆ. ದುಡ್ಡನ್ನು ಬಾಡಿಯ ಮೇಲೆ ಸುರಿಯಬೇಡಿ, ಲೆನ್ಸಿಗೆ ಉಳಿಸಿಕೊಳ್ಳಿ. ಬಾಡಿ ನಾಲ್ಕೈದು ವರ್ಷಕ್ಕೆ ಹಳತಾಗುತ್ತದೆ. ಒಳ್ಳೆಯ ಲೆನ್ಸ್ ಹದಿನೈದು ವರ್ಷವಾದರೂ ಕೆಲಸ ಮಾಡುತ್ತದೆ.

50 ಎಂಎಂ ಅಲ್ಲಿಗೆ ಸಾಕಾಗುತ್ತದಾ? ಲೆಕ್ಕ ಹಾಕಬಹುದು. ಎಪಿಎಸ್-ಸಿ ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೆ ಆರು ಮೀಟರ್ ದೂರದಲ್ಲಿ ಸುಮಾರು 2.8 ಮೀಟರ್ ಎತ್ತರ ಫ್ರೇಮಿಗೆ ಬರುತ್ತದೆ. ಕಿರೀಟದಿಂದ ಗೆಜ್ಜೆಯವರೆಗೆ ಇಡೀ ವೇಷ ಸಲೀಸಾಗಿ ಹಿಡಿಯುತ್ತದೆ. ಎಫ್ 1.8ರಲ್ಲಿ ಆ ದೂರಕ್ಕೆ ಹೆಚ್ಚುಕಮ್ಮಿ ಒಂದು ಮೀಟರ್ ಆಳದಷ್ಟು ಜಾಗ ಸ್ಪಷ್ಟವಾಗಿರುತ್ತದೆ. ಮುಂದೆ ಚಾಚಿದ ಕೈಯೂ ಮುಖವೂ ಚೊಕ್ಕವಾಗಿ ಬಂದು, ಹಿಂದಿನ ಪರದೆ ಮೆಲ್ಲಗೆ ಕರಗುತ್ತದೆ. ಇನ್ನೂ ಹಿಂದೆ ಕೂರುವವರಿಗೆ 85 ಎಂಎಂ ಎಫ್ 1.8 ಬೇಕಾಗುತ್ತದೆ.

ಇಲ್ಲೊಂದು ತೊಡಕಿದೆ. ನಮ್ಮ ದೇಶದ ಕರೆಂಟು 50 ಸೈಕಲ್ಲಿನದು. ಹಾಗಾಗಿ ಕೆಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಹೊಳೆದು ಮಂಕಾಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ. 1/500ರ ಫೋಟೊದಲ್ಲಿ ಮಾತ್ರ ಅಡ್ಡ ಪಟ್ಟೆಗಳು ಬೀಳಬಹುದು, ಇಲ್ಲವೇ ಒಂದು ಫೋಟೊ ಬೆಳ್ಳಗೆ, ಮುಂದಿನದು ಮಂಕಾಗಿ ಬರಬಹುದು. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಪಟ್ಟೆಯ ಕಾಟ ಇನ್ನೂ ಜೋರು. ಅದಕ್ಕೇ ವೇದಿಕೆಯ ಫೋಟೊ ತೆಗೆಯುವವರು ಮೆನುವಿನಲ್ಲಿ ಆ್ಯಂಟಿ ಫ್ಲಿಕರ್ ಎಂಬ ಸೌಲಭ್ಯ ಇದೆಯಾ ಎಂದು ನೋಡಿಕೊಳ್ಳಬೇಕು. ಅದಿದ್ದರೆ ಕ್ಯಾಮೆರಾ ದೀಪದ ಹೊಳಪು ಮೇಲಿರುವ ಕ್ಷಣಕ್ಕೆ ಕಾದು ಕ್ಲಿಕ್ ಮಾಡುತ್ತದೆ. ಮಾಮೂಲಿ ಮೆಕ್ಯಾನಿಕಲ್ ಶಟರ್ ಜೊತೆಗೆ ಅದನ್ನು ಬಳಸಿ.

ಇನ್ನೊಂದು ಮಾತು. ಇಮೇಜ್ ಸ್ಟೆಬಿಲೈಸೇಷನ್ ಇದ್ದರೆ ಕತ್ತಲಲ್ಲೂ ಫೋಟೊ ಅಲುಗಾಡುವುದಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಅದು ಅರ್ಧ ನಿಜ. ಅದು ತಡೆಯುವುದು ನಿಮ್ಮ ಕೈ ನಡುಕವನ್ನು. ಎದುರಿಗಿರುವವರ ಕುಣಿತವನ್ನು ಅದು ನಿಲ್ಲಿಸಲಾರದು. ರಾತ್ರಿ ಹೊತ್ತು ದೇವಸ್ಥಾನದ ಗೋಪುರ ತೆಗೆಯುವವರಿಗೆ ಬಲು ಉಪಯೋಗ, ಯಕ್ಷಗಾನಕ್ಕೆ ಅಷ್ಟಕ್ಕಷ್ಟೆ.

ಭರತನಾಟ್ಯ, ಒಳಾಂಗಣ ಕಬಡ್ಡಿ, ಶಾಲಾ ವಾರ್ಷಿಕೋತ್ಸವ, ಟ್ಯೂಬ್‌ಲೈಟಿನ ಕೆಳಗೆ ಓಡಾಡುವ ಮನೆಯ ಮಕ್ಕಳು, ಇವೆಲ್ಲಕ್ಕೂ ಇದೇ ಲೆಕ್ಕ. ಮನೆಯೊಳಗೆ ಜಾಗ ಕಡಿಮೆ. ಹಾಗಾಗಿ ಎಪಿಎಸ್-ಸಿ ಬಾಡಿಗೆ 50ರ ಬದಲು 35 ಎಂಎಂ ಎಫ್ 1.8 ಇಟ್ಟುಕೊಂಡರೆ ಚೆನ್ನ.

ರಂಗನತಿಟ್ಟಿನ ದೋಣಿಯಲ್ಲಿ

ಹಕ್ಕಿ ಫೋಟೊ ಎಂದ ಕೂಡಲೇ ಜನ ಉದ್ದನೆಯ ಲೆನ್ಸ್ ಬೇಕು ಅನ್ನುತ್ತಾರೆ. ಎಷ್ಟು ಉದ್ದ? ಅದು ಹಕ್ಕಿಯ ಗಾತ್ರಕ್ಕೂ ದೂರಕ್ಕೂ ಸೇರಿದ ವಿಷಯ.

ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿರುವ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. ಅಲ್ಲಿ ದೋಣಿ ಮರಗಳ ಹತ್ತಿರವೇ ಸಾಗುವುದರಿಂದ ಕಲಿಯುವವರಿಗೆ ಅಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ. ಗೂಡಿನ ಮೇಲೆ ನಿಂತ ಬಣ್ಣದ ಕೊಕ್ಕರೆ ಹೆಚ್ಚುಕಮ್ಮಿ ಒಂದು ಮೀಟರ್ ಎತ್ತರ. ಇಪ್ಪತ್ತು ಮೀಟರ್ ದೂರದಿಂದ ಎಪಿಎಸ್-ಸಿ ಕ್ಯಾಮೆರಾದಲ್ಲಿ 250 ಎಂಎಂ ಲೆನ್ಸ್ ಹಾಕಿ ನೋಡಿದರೆ ಫ್ರೇಮಿನ ಎತ್ತರ ಸುಮಾರು 1.2 ಮೀಟರ್. ಕೊಕ್ಕರೆ ಫ್ರೇಮ್ ತುಂಬ ಬರುತ್ತದೆ. ಅಂದರೆ ಕಿಟ್ ಜೊತೆ ಎರಡನೆಯದಾಗಿ ಕೊಡುವ ಅಗ್ಗದ 55-250ನಂಥ ಲೆನ್ಸೇ ಅಲ್ಲಿಗೆ ಸಾಕು.

ಅದೇ ದೋಣಿಯಿಂದ ಹತ್ತು ಮೀಟರ್ ದೂರದ ಬಂಡೆಯ ಮೇಲೆ ಪುಟ್ಟ ಮಿಂಚುಳ್ಳಿ ಕೂತಿದೆ. ಮೈ ಉದ್ದ 16 ಸೆಂಟಿಮೀಟರ್. 55 ಎಂಎಂನಲ್ಲಿ ತೆಗೆದರೆ 6000 ಚುಕ್ಕೆಗಳ ಅಗಲದಲ್ಲಿ ಹಕ್ಕಿಗೆ ಸಿಗುವುದು ಬರೀ 225. ಕತ್ತರಿಸಿ ದೊಡ್ಡದು ಮಾಡಿದರೆ ನೀಲಿ ಚುಕ್ಕೆ ಬಿಟ್ಟು ಏನೂ ಉಳಿಯುವುದಿಲ್ಲ. 400 ಎಂಎಂ ಆದರೆ 1600ಕ್ಕೂ ಜಾಸ್ತಿ. ಗರಿಯ ಮೇಲಿನ ಗೆರೆ, ಕೊಕ್ಕಿನ ತುದಿಯ ನೀರ ಹನಿ ಕಾಣುತ್ತದೆ. ಡಿಜಿಟಲ್ ಜೂಮ್ ಈ ಕೊರತೆಯನ್ನು ತುಂಬುವುದಿಲ್ಲ. ಅದು ಇರುವ 225 ಚುಕ್ಕೆಗಳನ್ನೇ ಹಿಗ್ಗಿಸಿ ತೋರಿಸುತ್ತದೆ ಅಷ್ಟೆ. ಕೊಳ್ಳುವಾಗ ಆಪ್ಟಿಕಲ್ ಜೂಮ್ ಎಷ್ಟು ಎಂದು ಮಾತ್ರ ಕೇಳಿ.

ಲೆನ್ಸಿನ ಅಂಕಿ ಓದುವಾಗ ಒಂದು ಗೊಂದಲ ಬರುತ್ತದೆ. ಎಪಿಎಸ್-ಸಿ ಸೆನ್ಸರ್ ಚಿಕ್ಕದಾದ್ದರಿಂದ 400 ಎಂಎಂ ಲೆನ್ಸ್ ಅದರ ಮೇಲೆ ಫುಲ್ ಫ್ರೇಮಿನ 600 ಎಂಎಂ ತೋರಿಸುವಷ್ಟೇ ಜಾಗವನ್ನು ತೋರಿಸುತ್ತದೆ. ಹೆಚ್ಚಿನ ಎಪಿಎಸ್-ಸಿ ಕ್ಯಾಮೆರಾಗಳಿಗೆ ಒಂದೂವರೆಯಿಂದ ಗುಣಿಸಬೇಕು, ಕ್ಯಾನನ್‌ಗೆ 1.6ರಿಂದ, ಮೈಕ್ರೋ ಫೋರ್ ಥರ್ಡ್ಸ್‌ಗೆ 2ರಿಂದ. ಹಕ್ಕಿಯವರು ಎಪಿಎಸ್-ಸಿಯನ್ನು ಇಷ್ಟಪಡುವುದಕ್ಕೆ ಇದೇ ಕಾರಣ. ಕಡಿಮೆ ತೂಕ, ಕಡಿಮೆ ದುಡ್ಡಿಗೆ ದೂರ ಸಿಗುತ್ತದೆ.

ದೂರದ ಬೆಲೆಯನ್ನು ಬೆಳಕಿನಲ್ಲಿ ಕಟ್ಟಬೇಕು. ಕ್ಯಾನನ್‌ನ ಆರ್‌ಎಫ್ 100-400 ಲೆನ್ಸ್ ತೂಗುವುದು 635 ಗ್ರಾಂ. ಇಡೀ ದಿನ ಕೊರಳಿಗೆ ಹಾಕಿಕೊಂಡು ಓಡಾಡಬಹುದು. ಆದರೆ 400 ಎಂಎಂನಲ್ಲಿ ಅದರ ಅಪರ್ಚರ್ ಎಫ್ 8. ಬೆಳಗಿನ ಬಿಸಿಲಿನ ದೋಣಿಗೆ ಸಾಕು. ಕಬಿನಿಯ ಸಂಜೆ ಸಫಾರಿಯಲ್ಲಿ, ಮರದ ನೆರಳಲ್ಲಿ ಚಿರತೆ ಕಂಡಾಗ ಐಎಸ್ಒ ಒಂದೇ ಸಮನೆ ಏರುತ್ತದೆ. ಸಿಗ್ಮಾ, ಟ್ಯಾಮ್ರಾನ್‌ಗಳ 150-600 ಲೆನ್ಸ್‌ಗಳು ತುದಿಯಲ್ಲಿ ಎಫ್ 6.3 ಕೊಡುತ್ತವೆ, ಜೊತೆಗೆ ಎರಡು ಕಿಲೋ ಆಸುಪಾಸಿನ ಭಾರವನ್ನೂ. ಜೀಪಿನ ಕಂಬಿಯ ಮೇಲೆ ಬೀನ್ ಬ್ಯಾಗ್ ಇಟ್ಟು ಅದರ ಮೇಲೆ ಲೆನ್ಸ್ ಕೂರಿಸುವವರಿಗೆ ತೊಂದರೆಯಿಲ್ಲ. ಗುಡ್ಡ ಹತ್ತುವವರು ಎರಡು ಸಲ ಯೋಚಿಸಬೇಕು. ಸಫಾರಿಗಳಲ್ಲಿ ಕ್ಯಾಮೆರಾಕ್ಕೆ, ಲೆನ್ಸಿನ ಅಳತೆಗೆ ಪ್ರತ್ಯೇಕ ಶುಲ್ಕ ಇರುವುದುಂಟು. ಹೋಗುವ ಮೊದಲೇ ವಿಚಾರಿಸಿಕೊಳ್ಳಿ.

ಹಾರುವ ಹಕ್ಕಿಗೆ 1/1000ರಿಂದ 1/2000 ವೇಗ ಬೇಕು. ಅದಕ್ಕಿಂತ ಮುಖ್ಯ ಆಟೋಫೋಕಸ್. ಹೊಸ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ, ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಗುರುತಿಸಿ ಹಿಂಬಾಲಿಸುತ್ತವೆ. 2020ರಲ್ಲಿ ಕ್ಯಾನನ್ ಆರ್5 ಬಂದಾಗ ಅದು ದುಬಾರಿ ಬಾಡಿಯ ಸೌಲಭ್ಯ. ಈಗ ಆರ್10, ಆರ್50ರಂಥ ಸಣ್ಣ ಬಾಡಿಗಳಲ್ಲೂ ಪ್ರಾಣಿ, ಹಕ್ಕಿಗಳನ್ನು ಗುರುತಿಸುವ ಸೌಲಭ್ಯವಿದೆ. ಲೆನ್ಸಿಗೆ ದುಡ್ಡು ಉಳಿಸಿಕೊಳ್ಳಿ ಎಂಬ ನನ್ನ ಮಾತಿಗೆ ಇದೊಂದು ವಿನಾಯಿತಿ. ಹಾರುವ ಹಕ್ಕಿಯೇ ನಿಮ್ಮ ಆಸೆಯಾದರೆ ಬಾಡಿ ಹೊಸ ತಲೆಮಾರಿನದೇ ಇರಲಿ.

ಲೆನ್ಸ್ ಬದಲಿಸಲಾಗದ, ದೊಡ್ಡ ಜೂಮಿನ ಬ್ರಿಡ್ಜ್ ಕ್ಯಾಮೆರಾಗಳ ಬಗ್ಗೆ ಕೆಲವರು ಮೂಗು ಮುರಿಯುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ನಿಕಾನ್ ಪಿ950 24ರಿಂದ 2000 ಎಂಎಂಗೆ ಸಮನಾದ ನೋಟ ಕೊಡುತ್ತದೆ, ತೂಕ ಸುಮಾರು ಒಂದು ಕಿಲೋ. ಲೆನ್ಸ್ ಬದಲಿಸುವ ಕ್ಯಾಮೆರಾದಲ್ಲಿ ಅಷ್ಟು ದೂರಕ್ಕೆ ಹೋಗಲು ಸಾಮಾನ್ಯರ ಕೈಯಲ್ಲಿ ಆಗುವುದಿಲ್ಲ. ಕೆರೆಯ ಆಚೆ ದಡದಲ್ಲಿ ಕೂತಿರುವುದು ಯಾವ ಹಕ್ಕಿ ಎಂದು ಗುರುತಿಸಿ ದಾಖಲಿಸುವವರಿಗೆ ಅದು ನಿಜಕ್ಕೂ ಸರಿಯಾದ ಕ್ಯಾಮೆರಾ. ಅದರ ಸೆನ್ಸರ್ ಮಾತ್ರ ಆಗ ಹೇಳಿದ ಚಿಕ್ಕ ಅಳತೆಯದು. ಬಿಸಿಲಿರಬೇಕು, ಹಕ್ಕಿ ಕೂತಿರಬೇಕು. ಮುಸ್ಸಂಜೆಗೂ ಹಾರಾಟಕ್ಕೂ ಅದರಿಂದ ಜಾಸ್ತಿ ನಿರೀಕ್ಷೆ ಬೇಡ.

ದೂರದ ಪ್ರಶ್ನೆಗೆ ಇನ್ನೊಂದು ತುದಿಯೂ ಇದೆ, ತೀರಾ ಹತ್ತಿರ. ಆಗುಂಬೆಯ ಮಳೆಯಲ್ಲಿ ಕಪ್ಪೆ, ಜೇಡ, ಅಣಬೆ ತೆಗೆಯುವವರಿಗೆ ಉದ್ದ ಲೆನ್ಸ್ ಬೇಡ, ಮ್ಯಾಕ್ರೋ ಬೇಕು. ಲೆನ್ಸ್ ಮೇಲೆ 1:1 ಎಂದಿದ್ದರೆ ಎರಡು ಸೆಂಟಿಮೀಟರ್ ಕೀಟ ಸೆನ್ಸರ್ ಮೇಲೂ ಎರಡು ಸೆಂಟಿಮೀಟರ್ ಆಗಿಯೇ ಬೀಳುತ್ತದೆ. ಎಪಿಎಸ್-ಸಿಯಲ್ಲಿ ಅಂದರೆ ಫ್ರೇಮ್ ತುಂಬ ಎಂದರ್ಥ. ಹೆಸರಿನಲ್ಲಿ ಮ್ಯಾಕ್ರೋ ಎಂದಿದ್ದು 1:1 ಇಲ್ಲದ ಜೂಮ್‌ಗಳೂ ಇವೆ, ಆ ಅಂಕಿ ನೋಡಿಯೇ ಕೊಳ್ಳಿ.

ಮೊಬೈಲೇ ಸಾಕಾ?

ಎಷ್ಟೋ ಜನರಿಗೆ ಸಾಕು. ಪ್ರವಾಸ, ಊಟ, ಗೆಳೆಯರ ಗುಂಪು, ಹಂಪಿಯ ಕಲ್ಲಿನ ರಥದ ಮುಂದೆ ಮನೆಯವರೆಲ್ಲ ನಿಂತ ಫೋಟೊ, ಇವುಗಳಿಗೆ ಒಳ್ಳೆಯ ಮೊಬೈಲ್ ಇದ್ದರೆ ಹೊಸ ಕ್ಯಾಮೆರಾ ಬೇಡ. ಮೊಬೈಲ್ ಒಂದೇ ಕ್ಲಿಕ್ಕಿಗೆ ಹಲವು ಫೋಟೊ ತೆಗೆದು, ಹೊಂದಿಸಿ, ಒಂದು ಮಾಡಿ ಕೊಡುತ್ತದೆ. ಚಿಕ್ಕ ಸೆನ್ಸರಿನ ಕೊರತೆಯನ್ನು ಅದು ನೀಗಿಸಿಕೊಳ್ಳುವುದು ಹೀಗೆ. ಎದುರಿಗಿರುವುದು ನಿಂತಿದ್ದರೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಅದು ಓಡಾಡುತ್ತಿದ್ದು ಬೆಳಕೂ ಕಡಿಮೆಯಿದ್ದರೆ ಫೋಟೊಗಳು ಒಂದಕ್ಕೊಂದು ಹೊಂದುವುದಿಲ್ಲ. ದೂರದಲ್ಲಿದ್ದರಂತೂ ಇನ್ನೂ ಕಷ್ಟ. ಹಾಗಾಗಿ ದೂರ, ಕತ್ತಲು, ಚಲನೆ ಈ ಮೂರರಲ್ಲಿ ಎರಡಾದರೂ ನಿಮ್ಮ ವಿಷಯದಲ್ಲಿದ್ದರೆ ಕ್ಯಾಮೆರಾ ಕೊಳ್ಳುವುದಕ್ಕೆ ಅರ್ಥವಿದೆ. ಒಂದೂ ಇಲ್ಲದಿದ್ದರೆ ಆ ದುಡ್ಡಿನಲ್ಲಿ ಹಂಪಿಗೇ ಇನ್ನೊಂದು ಸಲ ಹೋಗಿ ಬನ್ನಿ, ಬೆಳಗಿನ ಜಾವ ಮಾತಂಗ ಬೆಟ್ಟ ಹತ್ತಿ. ಫೋಟೊ ಅದರಿಂದಲೇ ಚೆನ್ನಾಗಿ ಬರುತ್ತದೆ.

ಫೋಟೊಗ್ರಫಿ ಕಲಿಯಬೇಕು ಎಂಬ ಆಸೆಯಿಂದ ಕೊಳ್ಳುವುದು ಬೇರೆ ಮಾತು. ಅಪರ್ಚರ್, ಶಟರ್, ಐಎಸ್ಒ ಮೂರನ್ನೂ ಕೈಯಲ್ಲಿ ತಿರುಗಿಸಿ ಕಲಿಯುವ ಸುಖ ಮೊಬೈಲಿನಲ್ಲಿ ಸಿಗುವುದಿಲ್ಲ. ಅದಕ್ಕೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಹಳೆಯ ಬಗೆಯ ಕ್ಯಾಮೆರಾ) ಕೂಡ ಧಾರಾಳವಾಗಿ ಸಾಕು.

ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್?

ಹೊಸದು ಕೊಳ್ಳುವುದಾದರೆ ಮಿರರ್‌ಲೆಸ್. ಇದರಲ್ಲಿ ನನಗೆ ಅನುಮಾನವಿಲ್ಲ. ಕ್ಯಾನನ್, ನಿಕಾನ್, ಸೋನಿ ಮೂರೂ ತಮ್ಮ ಹೊಸ ಬಾಡಿ, ಹೊಸ ಲೆನ್ಸ್ ಎಲ್ಲವನ್ನೂ ಈಗ ಮಿರರ್‌ಲೆಸ್‌ಗೇ ತರುತ್ತಿವೆ. ಫೋಟೊ ಎಷ್ಟು ಬೆಳ್ಳಗೆ, ಎಷ್ಟು ಕಪ್ಪಗೆ ಬರುತ್ತದೆ ಎಂದು ಕ್ಲಿಕ್ ಮಾಡುವ ಮೊದಲೇ ಅದರ ವ್ಯೂಫೈಂಡರಿನಲ್ಲಿ, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ, ಕಾಣುತ್ತದೆ. ಕಲಿಯುವವರಿಗೆ ಇದು ದೊಡ್ಡ ಸಹಾಯ. ಬ್ಯಾಟರಿ ಮಾತ್ರ ಬೇಗ ಖಾಲಿಯಾಗುತ್ತದೆ. ಒಂದು ಹೆಚ್ಚಿನ ಬ್ಯಾಟರಿಯ ದುಡ್ಡನ್ನು ಬಜೆಟ್ಟಿನಲ್ಲಿ ಮೊದಲೇ ಸೇರಿಸಿಕೊಳ್ಳಿ.

ಮನೆಯಲ್ಲಿ ಡಿಎಸ್‌ಎಲ್‌ಆರ್ ಕಾಲದ ಹಳೆಯ ಕ್ಯಾನನ್ ಇಎಫ್ ಲೆನ್ಸ್‌ಗಳಿದ್ದರೆ ಅಡಾಪ್ಟರ್ ಹಾಕಿ ಅದರ ಹೊಸ ಆರ್‌ಎಫ್ ಮಿರರ್‌ಲೆಸ್ ಬಾಡಿಯಲ್ಲಿ ಬಳಸಬಹುದು, ಆಟೋಫೋಕಸ್ ಚೆನ್ನಾಗಿಯೇ ನಡೆಯುತ್ತದೆ. ನಿಕಾನ್‌ನಲ್ಲಿ ಸ್ವಲ್ಪ ಎಚ್ಚರ ಬೇಕು. ಒಳಗೆ ಮೋಟರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್‌ಗಳು ನಿಕಾನ್‌ನದೇ ಎಫ್‌ಟಿಜಡ್ ಅಡಾಪ್ಟರಿನಲ್ಲಿ ತಾವಾಗಿ ಫೋಕಸ್ ಆಗುವುದಿಲ್ಲ.

ಬಾಡಿ ಕೊಳ್ಳುವುದೆಂದರೆ ಒಂದು ಮೌಂಟ್, ಅಂದರೆ ಲೆನ್ಸ್ ಕೂರುವ ಜೋಡಣೆ, ಒಪ್ಪಿಕೊಂಡಂತೆ. ಮುಂದೆ ನಿಮಗೆ ಬೇಕಾಗುವ ಎರಡನೇ ಲೆನ್ಸ್ ಯಾವುದು, ಆ ಮೌಂಟಿಗೆ ಅದು ನಿಮ್ಮ ಬಜೆಟ್ಟಿನಲ್ಲಿ ಸಿಗುತ್ತದಾ ಎಂದು ಬಾಡಿ ಕೊಳ್ಳುವ ಮೊದಲೇ ನೋಡಿ. ಸೋನಿ ಇ ಮೌಂಟಿಗೆ ಸಿಗ್ಮಾ, ಟ್ಯಾಮ್ರಾನ್ ಮೊದಲಾದವರ ಲೆನ್ಸ್‌ಗಳು ಮೊದಲಿಂದಲೂ ಧಾರಾಳ. ಕ್ಯಾನನ್ 2024ರಲ್ಲಷ್ಟೇ ತನ್ನ ಎಪಿಎಸ್-ಸಿ ಆರ್‌ಎಫ್ ಬಾಡಿಗಳಿಗೆ ಇವರಿಬ್ಬರ ಆಟೋಫೋಕಸ್ ಲೆನ್ಸ್‌ಗಳಿಗೆ ಬಾಗಿಲು ತೆರೆಯಿತು.

ವಿಡಿಯೊ ಮಾಡುವವರು

ವಿಡಿಯೊಗೆ ಬೇರೆಯದೇ ಪಟ್ಟಿ. ಬಾಡಿಯಲ್ಲಿ ಮೈಕ್ ಚುಚ್ಚುವ ಜಾಗ ಇದೆಯಾ? ಅಗ್ಗದ ಕೆಲವು ಡಿಎಸ್‌ಎಲ್‌ಆರ್‌ಗಳಲ್ಲಿ ಅದೇ ಇಲ್ಲ. ಎಷ್ಟು ಹೊತ್ತು ಬಿಡದೆ ರೆಕಾರ್ಡ್ ಆಗುತ್ತದೆ? ಹಳೆಯ ಬಹಳಷ್ಟು ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವೇ ನಿಂತುಬಿಡುತ್ತವೆ. ತಾಳಮದ್ದಳೆಯಲ್ಲಿ ವಾದ ಏರುತ್ತಿರುವ ಹೊತ್ತಿಗೆ ಕ್ಯಾಮೆರಾ ನಿಂತರೆ ಎಷ್ಟು ಸಂಕಟ ಅಲ್ವಾ. ಕೆಲವು ಸಣ್ಣ ಬಾಡಿಗಳು 4ಕೆಯಲ್ಲಿ ಬಿಸಿಯಾಗಿ ನಿಲ್ಲುತ್ತವೆ, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ಬೇಗ. 4ಕೆಗೆ ಹಾಕಿದ ಕೂಡಲೇ ಫ್ರೇಮ್ ಅಂಚುಗಳಲ್ಲಿ ಕತ್ತರಿಸಿಹೋಗುವ ಮಾಡೆಲ್‌ಗಳೂ ಇವೆ. ಸಣ್ಣ ಕೋಣೆಯಲ್ಲಿ ಅಡುಗೆ ವಿಡಿಯೊ ಮಾಡುವವರಿಗೆ ಇದು ತಾಪತ್ರಯ. ಮೆಮೊರಿ ಕಾರ್ಡ್ ಮೇಲೆ ವಿ30 ಎಂದಿರಲಿ, ಸೆಕೆಂಡಿಗೆ 30 ಎಂಬಿಯಾದರೂ ಬಿಡದೆ ಬರೆದುಕೊಳ್ಳುತ್ತದೆ ಎಂದು ಅದರ ಅರ್ಥ. ಮಾತೇ ಮುಖ್ಯವಾದ ವಿಡಿಯೊ ಆದರೆ ಬಾಡಿಗಿಂತ ಮೊದಲು ಕಾಲರ್ ಮೈಕ್ ಕೊಳ್ಳಿ. ಚಿತ್ರ ಚೂರು ಮಂಕಾಗಿದ್ದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಅರ್ಧ ನಿಮಿಷವೂ ಕೂರುವುದಿಲ್ಲ.

ದುಡ್ಡು ಕೊಡುವ ಮುನ್ನ

ತೀರಾ ಕಡಿಮೆ ಬೆಲೆ ಹೇಳಿದರೆ ಅದು ಗ್ರೇ ಮಾರ್ಕೆಟ್ ಮಾಲೇ ಎಂದು ಕೇಳಿ. ಬೇರೆ ದೇಶದ ಮಾರಾಟಕ್ಕೆ ತಯಾರಾಗಿ ಇಲ್ಲಿಗೆ ಬಂದ ಕ್ಯಾಮೆರಾಗೆ ಭಾರತದ ಕಂಪನಿ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಡಬ್ಬದ ಮೇಲಿನ ನಂಬರಿಗೂ ಕ್ಯಾಮೆರಾದ ನಂಬರಿಗೂ ತಾಳೆ ಹಾಕಿ. ನಿಮ್ಮ ಊರಿಗೆ ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆ ಎಂದೂ ತಿಳಿದುಕೊಳ್ಳಿ.

ಸೆಕೆಂಡ್ ಹ್ಯಾಂಡ್ ಆದರೆ ಶಟರ್ ಕೌಂಟ್ ಕೇಳಿ, ಇದುವರೆಗೆ ಎಷ್ಟು ಕ್ಲಿಕ್ ಆಗಿದೆ ಎಂಬ ಲೆಕ್ಕ ಅದು. ಸಾಧಾರಣ ಬಾಡಿಗಳ ಶಟರನ್ನು ಕಂಪನಿಗಳು ಒಂದು ಲಕ್ಷದ ಆಸುಪಾಸಿಗೆ ಪರೀಕ್ಷಿಸಿರುತ್ತವೆ. ಎಫ್ 16ರಲ್ಲಿ ಬಿಳಿ ಗೋಡೆಯದೋ ಆಕಾಶದ್ದೋ ಒಂದು ಫೋಟೊ ತೆಗೆಯಿರಿ, ಸೆನ್ಸರ್ ಮೇಲೆ ಕೂತ ಧೂಳು ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಲೆನ್ಸನ್ನು ಬಾಡಿಯಿಂದ ತೆಗೆದು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಗಾಜಿನ ಮೇಲೆ ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್ ಹಿಡಿದಿದೆ. ಎಷ್ಟು ಅಗ್ಗವಾದರೂ ಬೇಡ ಎನ್ನಿ.

ಈ ಫಂಗಸ್ ವಿಷಯದಲ್ಲಿ ಮಲೆನಾಡು, ಕರಾವಳಿಯವರು ಬಹಳ ಕಳೆದುಕೊಂಡಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರಿರುತ್ತದೆ. ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿ ಇಟ್ಟ ಲೆನ್ಸಿಗೆ ಒಂದೇ ಮಳೆಗಾಲ ಸಾಕು. ಅದು ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ, ಒರೆಸಿದರೂ ಕಲೆ ಹೋಗುವುದಿಲ್ಲ. ಗಾಳಿ ಆಡದಂತೆ ಮುಚ್ಚುವ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ತೇವಾಂಶ ತೋರಿಸುವ ಪುಟ್ಟ ಮೀಟರ್, ಇಷ್ಟನ್ನು ಕ್ಯಾಮೆರಾ ಜೊತೆಗೇ ಕೊಳ್ಳಿ. ಮುಳ್ಳು 40ರಿಂದ 50 ಶೇಕಡಾ ನಡುವೆ ಇರಲಿ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ಕೆಲವರು ಡಬ್ಬಕ್ಕೆ ಅಕ್ಕಿ ಸುರಿಯುತ್ತಾರೆ. ಅಕ್ಕಿ ಅಷ್ಟು ತೇವ ಹೀರುವುದಿಲ್ಲ, ಧೂಳು ಮಾತ್ರ ಬಿಡುತ್ತದೆ. ಇದ್ದದ್ದರಲ್ಲಿ ಒಳ್ಳೆಯ ಮದ್ದು ಎಂದರೆ ಕ್ಯಾಮೆರಾವನ್ನು ಆಗಾಗ ಹೊರಗೆ ತೆಗೆದು ಬಳಸುವುದು.

ಅಂಗಡಿಗೆ ಹೋಗುವಾಗ ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಕ್ಯಾಮೆರಾ ಕೈಯಲ್ಲಿ ಹಿಡಿದು ಹೆಬ್ಬೆರಳು, ತೋರುಬೆರಳು ಗುಂಡಿಗಳಿಗೆ ಸಲೀಸಾಗಿ ಸಿಗುತ್ತವಾ ನೋಡಿ. ಕನ್ನಡಕ ಹಾಕುವವರು ವ್ಯೂಫೈಂಡರಿನ ನಾಲ್ಕೂ ಮೂಲೆ ಕಾಣುತ್ತದಾ ಎಂದು ಪರೀಕ್ಷಿಸಿ. ಅಂಗಡಿಯ ಕತ್ತಲ ಮೂಲೆಯದೊಂದು, ರಸ್ತೆಯಲ್ಲಿ ಹೋಗುವ ಬೈಕಿನದೊಂದು ಫೋಟೊ ತೆಗೆದು ಮನೆಗೆ ತಂದು ದೊಡ್ಡ ಪರದೆಯಲ್ಲಿ ನೋಡಿ. ಕೊಳ್ಳುವ ತೀರ್ಮಾನ ಮಾರನೇ ದಿನಕ್ಕಿರಲಿ.

ದುಬಾರಿ ಲೆನ್ಸ್ ಆದರೆ ಮೊದಲು ಬಾಡಿಗೆಗೆ ತನ್ನಿ. ಬೆಂಗಳೂರಿನಲ್ಲಿ ದಿನದ ಲೆಕ್ಕದಲ್ಲಿ ಲೆನ್ಸ್ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಒಂದು ಶನಿವಾರ, ಭಾನುವಾರ ಹೊತ್ತು ತಿರುಗಿದರೆ ಭಾರ ತಡೆಯುತ್ತದಾ ಎಂಬುದು ಭುಜಕ್ಕೇ ಗೊತ್ತಾಗುತ್ತದೆ. ಈಗಾಗಲೇ ಕಿಟ್ ಲೆನ್ಸ್ ಇರುವವರು ಇನ್ನೊಂದು ಕೆಲಸ ಮಾಡಬಹುದು. ಕಳೆದ ವರ್ಷ ತೆಗೆದ ಫೋಟೊಗಳಲ್ಲಿ ನಿಮಗೆ ಇಷ್ಟವಾದವನ್ನು ಕಂಪ್ಯೂಟರಿನಲ್ಲಿ ತೆರೆದು ವಿವರ ನೋಡಿ. ಎಷ್ಟು ಎಂಎಂ, ಎಷ್ಟು ಐಎಸ್ಒ, ಎಷ್ಟು ಶಟರ್ ಎಂದು ಪ್ರತಿ ಫೋಟೊದಲ್ಲೂ ಬರೆದಿರುತ್ತದೆ. ಬಹುಪಾಲು 18 ಎಂಎಂನಲ್ಲಿದ್ದರೆ ನಿಮಗೆ ಬೇಕಿರುವುದು ಇನ್ನೂ ಅಗಲದ ಲೆನ್ಸ್. ಎಲ್ಲವೂ 55ರಲ್ಲಿ ನಿಂತಿದ್ದರೆ ಮುಂದಿನದು ಟೆಲಿ, ಅಂದರೆ ದೂರದ್ದನ್ನು ಹತ್ತಿರ ತರುವ ಉದ್ದ ಲೆನ್ಸ್. ಎಲ್ಲದರಲ್ಲೂ ಐಎಸ್ಒ 6400 ಮುಟ್ಟಿದ್ದರೆ ಎಫ್ 1.8ರ ಯಾವುದಾದರೊಂದು ಪ್ರೈಮ್.